ಡಾಕ್ಟರ್ ಕೃಷ್ಣಪ್ರಸಾದರ ಕೋಪನ್‌ಹೇಗನ್ ರಜೆ

ಐರ್ಲೆಂಡಿನ ಸ್ಲೈಗೋದಿಂದ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಸಿಗುವ ಊರೊಂದರ ಆಸ್ಪತ್ರೆಯಲ್ಲಿ ಡಾಕ್ಟರ್ ಕೃಷ್ಣಪ್ರಸಾದರನ್ನು ಯಾರೂ ಕೃಷ್ಣಪ್ರಸಾದ ಎನ್ನುವುದಿಲ್ಲ. ಅಷ್ಟುದ್ದದ ಹೆಸರು ಐರಿಷ್ ನಾಲಿಗೆಗೆ ಭಾರ. ಬಂದ ಮೊದಲ ವಾರವೇ ನರ್ಸುಗಳು ಅದನ್ನು ‘ಕ್ರಿಸ್’ ಎಂದು ಕತ್ತರಿಸಿದರು, ಆಪರೇಷನ್ ಯಶಸ್ವಿಯಾಯಿತು. ಮೈಸೂರಿನಲ್ಲಿ ಎಂ.ಡಿ. ಮಾಡಿದವರು, ವಯಸ್ಸು ಐವತ್ತೊಂದು, ಹುದ್ದೆ ರಿಜಿಸ್ಟ್ರಾರ್. ಅಂದರೆ ಕನ್ಸಲ್ಟೆಂಟ್ ಎಂಬ ದೊಡ್ಡ ಡಾಕ್ಟರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಆ ಮೆಟ್ಟಿಲ ಮೇಲೆ ಹದಿನೆಂಟು ವರ್ಷದಿಂದ ಕೂತಿದ್ದಾರೆ. ಇವರ ಹತ್ತಿರ ಇಸಿಜಿ ಓದಲು ಕಲಿತ ಇಬ್ಬರು ಇವರನ್ನು ದಾಟಿಕೊಂಡು ಮೇಲೆ ಹೋಗಿ, ಅಲ್ಲಿಂದಲೇ ಬಗ್ಗಿ “ಹೌ ಆರ್ ಯು, ಕ್ರಿಸ್?” ಎಂದು ಪ್ರೀತಿಯಿಂದ ವಿಚಾರಿಸುತ್ತಾರೆ.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಮನೆಯಲ್ಲಿ ಮುಳ್ಳಾಗಿ ಕೂತದ್ದು ಕ್ರಿಸ್‌ಮಸ್.

ಬಂದ ವರ್ಷದ ಡಿಸೆಂಬರಿನಲ್ಲಿ ಡೆಕ್ಲನ್ ಎಂಬ ಸಹೋದ್ಯೋಗಿ ಕಾರಿಡಾರಿನಲ್ಲಿ ಇವರ ಹೆಗಲ ಮೇಲೆ ಕೈ ಹಾಕಿದ. ಮನೆಯಲ್ಲಿ ಪುಟ್ಟ ಮಕ್ಕಳು, ಹಬ್ಬದ ದಿನ ಡ್ಯೂಟಿ ಬಿದ್ದಿದೆ, ಬದಲಾಯಿಸಿಕೊಳ್ಳುತ್ತೀಯಾ? ಕೃಷ್ಣಪ್ರಸಾದರು ಉದಾರವಾಗಿ, “ಅದಕ್ಕೇನಂತೆ, ನಮಗೇನು ಅದು ಹಬ್ಬ ಅಲ್ಲ” ಎಂದರು. ಪ್ರತಿಯಾಗಿ ದೀಪಾವಳಿಗೆ ಡೆಕ್ಲನ್ ನೋಡಿಕೊಳ್ಳುವುದು ಎಂದು ಮಾತಾಯಿತು. ಮುಂದಿನ ವರ್ಷ ರೋಟಾ ಎಂಬ ಡ್ಯೂಟಿ ಪಟ್ಟಿ ತಯಾರಾಗುವಾಗ ಅವನು ದೀಪಾವಳಿ ಯಾವ ತಾರೀಖು ಎಂದು ಕೇಳಿದ. ಇವರು, “ತಡಿ, ಊರಿಗೆ ಫೋನ್ ಮಾಡಿ ಕೇಳಬೇಕು” ಎಂದರು. ತನ್ನ ತಾರೀಖು ತನಗೇ ಗೊತ್ತಿಲ್ಲದ ಹಬ್ಬ! ಇಡೀ ವಿಭಾಗ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಇವರೂ ನಕ್ಕರು. ದೀಪಾವಳಿ ಆ ನಗುವಿನಲ್ಲೇ ಆರಿಹೋಯಿತು. ಕ್ರಿಸ್‌ಮಸ್ ಮಾತ್ರ ಇವರ ಹೆಸರಿಗೆ ಅಂಟಿಕೊಂಡಿತು. ಅದು ಕ್ರಿಸ್‌ಮಸ್ಸಲ್ಲ, ಕ್ರಿಸ್ ‘ಮಸ್ಟು’. ರೊಟ್ಟಿಯನ್ನಾದರೂ ಒಮ್ಮೆ ಮಗುಚಿ ಹಾಕುತ್ತಾರೆ. ಈ ರೋಟಾ ಹದಿನೆಂಟು ವರ್ಷ ಒಂದೇ ಮಗ್ಗುಲಲ್ಲಿ ಬೆಂದಿತು.

ಹೆಂಡತಿ ವನಜಾ ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಕ್ರಿಸ್‌ಮಸ್ ನಾಟಕದಲ್ಲಿ ಏಳು ವರ್ಷ ಸತತವಾಗಿ ಕುರಿಯ ಪಾತ್ರ ವಹಿಸಿದ ಅನುಭವ ಅವಳದು. ಸುಮ್ಮನೆ ಮೂಲೆಯಲ್ಲಿ ಇರುವುದು ಅವಳಿಗೆ ಅಭ್ಯಾಸ. ಮಗಳು ಸಿಂಧು ಹಾಗಲ್ಲ. ಇಲ್ಲೇ ಹುಟ್ಟಿದವಳು, ಇಲ್ಲಿನ ಶಾಲೆಯವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧಕ್ಕರ್ಧ ಐರಿಷ್ ಇಂಗ್ಲಿಷಿನಲ್ಲಿ. ಡಿಸೆಂಬರ್ ಬಂದರೆ ಮರ ಸಿಂಗರಿಸುವವಳು ಅವಳು, ದೀಪದ ಸರ ಬಿಡಿಸುವವಳು ಅವಳು, ಅಪ್ಪನ ತಟ್ಟೆಯ ಮೇಲೆ ಫಾಯಿಲ್ ಮುಚ್ಚುವವಳೂ ಅವಳೇ.

ಕಳೆದ ಜನವರಿಯಲ್ಲಿ ಅವಳು ಒಂದು ಮಾತು ಕೇಳಿದಳು. ಬರುವ ವರ್ಷ ಶಾಲೆ ಮುಗಿದು ಕಾಲೇಜಿಗೆ ಹೊರಟುಹೋಗುತ್ತಾಳೆ. ಅದಕ್ಕೆ ಮುಂಚೆ, “ಜಸ್ಟ್ ಒನ್ ಕ್ರಿಸ್‌ಮಸ್, ಡ್ಯಾಡ್. ಮನೇಲಿ ಬೇಡ. ಮನೇಲಿದ್ರೆ ಅವರು ಕರೀತಾರೆ, ನೀನು ಹೋಗ್ತೀಯ.” ಕೋಪನ್‌ಹೇಗನ್ನಿನ ದೀಪಗಳನ್ನು ಅವಳು ಫೋನಿನಲ್ಲಿ ನೋಡಿದ್ದಳು. ನಡುವೆ ಒಂದು ಸಮುದ್ರ ಇರಲಿ ಎನ್ನುವುದು ಅವಳ ಲೆಕ್ಕ.

ಕೃಷ್ಣಪ್ರಸಾದರು ಮರುದಿನವೇ ರಜೆ ಅರ್ಜಿ ಕೊಟ್ಟರು. ಆಫೀಸಿನಾಕೆ “ಗ್ರ್ಯಾಂಡ್, ಕ್ರಿಸ್” ಎಂದಳು. ಗ್ರ್ಯಾಂಡ್ ಎಂದರೆ ಭವ್ಯ ಅಂತ ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆಗ ‘ಕೇಳಿಸಿಕೊಂಡೆ, ಮರೆಯುತ್ತೇನೆ’ ಎಂಬ ಅರ್ಥವನ್ನು ಯಾಕೋ ಬಿಟ್ಟುಬಿಟ್ಟಿದ್ದರು. ಆಗಸ್ಟಿನಲ್ಲಿ ವಿಮಾನದ ಟಿಕೆಟ್ಟಾಯಿತು. ಅಕ್ಟೋಬರಿನಲ್ಲಿ ರೋಟಾ ಗೋಡೆಗೇರಿತು: ಡಿಸೆಂಬರ್ ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ತಾರು, ಕ್ರಿಸ್.

ಕೇಳಿದರೆ, ಆಫೀಸಿನವರು ಹಳೆಯ ಪಟ್ಟಿಯನ್ನೇ ತೆಗೆದು ಇಸವಿ ಬದಲಾಯಿಸಿದ್ದಾರಂತೆ. ಈಗ ಬೇಕಾದರೆ ನೀವೇ ಯಾರನ್ನಾದರೂ ಒಪ್ಪಿಸಿಕೊಳ್ಳಿ ಎಂದರು. ಡೆಕ್ಲನ್ ಈಗ ಕನ್ಸಲ್ಟೆಂಟು. “ಅಯ್ಯೋ ಕ್ರಿಸ್, ಮೊದಲೇ ಹೇಳಬಾರದಿತ್ತಾ” ಎಂದು ನಿಜವಾಗಿಯೂ ಮರುಗಿದ. ಇನ್ನೊಬ್ಬಾಕೆಯ ಮಗ ಚರ್ಚಿನ ನಾಟಕದಲ್ಲಿ ಜೋಸೆಫ್ ಆಗಿದ್ದ. ಮತ್ತೊಬ್ಬ ಮಾತ್ರ ಕಣ್ಣರಳಿಸಿ, “ಬಟ್ ಯು ಡೋಂಟ್ ಡು ಕ್ರಿಸ್‌ಮಸ್!” ಎಂದ. ಹದಿನೆಂಟು ವರ್ಷ ಅದನ್ನೊಂದೇ ಮಾಡಿದ ಮನುಷ್ಯನಿಗೆ!

ಉಳಿದವನು ಧೀರಜ್. ದಾವಣಗೆರೆಯಲ್ಲಿ ಓದಿ, ಸೇರಿ ಆರು ವಾರವಾಗಿದ್ದ ಹೊಸಬ. ಕ್ಯಾಂಟೀನಿನಲ್ಲಿ ಒಬ್ಬನೇ ಕೂತು ತಣ್ಣಗಾದ ಚಿಪ್ಸ್ ತಿನ್ನುತ್ತಿದ್ದ. ಕೃಷ್ಣಪ್ರಸಾದರು ಎದುರಿಗೆ ಕೂತರು.

“ಇಪ್ಪತ್ನಾಲ್ಕರಿಂದ ಮೂರು ದಿನ ನನ್ನ ಡ್ಯೂಟಿ ನೋಡ್ಕೋತೀಯೇನಪ್ಪಾ? ನಮಗೇನು ಹಬ್ಬ ಅಲ್ವಲ್ಲ.”

“ಹಬ್ಬದ್ದೇನಿಲ್ಲ ಸರ್. ಇಪ್ಪತ್ತೆರಡಕ್ಕೆ ನನ್ನ ವೈಫ್ ಬರ್ತಿದ್ದಾಳೆ. ಜ್ಯೋತ್ಸ್ನಾ ಅಂತ. ಮದುವೆಯಾಗಿ ಎಂಟು ತಿಂಗಳು, ವೀಸಾ ಈಗ ಬಂತು.”

“ಒಳ್ಳೇದಾಯ್ತಲ್ಲ! ಬಂದವಳಿಗೆ ಎರಡು ಮೂರು ದಿನ ಬರೀ ನಿದ್ದೆ ಕಣೋ. ನೀನು ಮನೇಲಿದ್ರೂ ಒಂದೇ, ಇಲ್ದಿದ್ರೂ ಒಂದೇ. ದೀಪಾವಳಿಗೆ ನಿನ್ನ ಡ್ಯೂಟಿ ನಾನು ಮಾಡ್ತೀನಿ.”

ಧೀರಜ್ ತಟ್ಟೆ ನೋಡಿದ. “ಆಯ್ತು ಸರ್” ಎಂದ. ಸೀನಿಯರಿಗೆ ಇಲ್ಲ ಎನ್ನುವುದು ಹೇಗೆಂದು ನಮ್ಮ ಯಾವ ಮೆಡಿಕಲ್ ಕಾಲೇಜಿನಲ್ಲೂ ಕಲಿಸುವುದಿಲ್ಲ. ಹದಿನೆಂಟು ವರ್ಷದ ಹಿಂದೆ ಡೆಕ್ಲನ್ ಕೂಡ ಇಷ್ಟೇ ಮೃದುವಾಗಿ ಮಾತಾಡಿದ್ದ. ಆದರೆ ಡೆಕ್ಲನ್ನಿಗೆ ಕನ್ನಡ ಬರುತ್ತಿರಲಿಲ್ಲ.

ಮನೆಯಲ್ಲಿ ಇವರು ಹೇಳಿದ್ದು “ರಜೆ ಸಿಕ್ತು” ಎಂದಷ್ಟೇ. ಸಿಂಧು ಓಡಿಬಂದು ಕುತ್ತಿಗೆಗೆ ಜೋತುಬಿದ್ದಳು. ಆ ಅಪ್ಪುಗೆಯಲ್ಲಿ ಜ್ಯೋತ್ಸ್ನಾಳ ಸುದ್ದಿ ಎತ್ತಲು ಜಾಗವಿರಲಿಲ್ಲ.

ಇಪ್ಪತ್ಮೂರರ ಸಂಜೆ ಕೋಪನ್‌ಹೇಗನ್ ಮಾತಿಗೆ ತಪ್ಪಲಿಲ್ಲ. ಕಾಲುವೆಯ ನೀರಲ್ಲೆಲ್ಲ ದೀಪ, ಸೈಕಲ್ ಬುಟ್ಟಿಗಳಲ್ಲಿ ಮರ ಕಟ್ಟಿಕೊಂಡು ಹೋಗುವ ಜನ, ಬೀದಿ ಬದಿಯಲ್ಲಿ ಸಕ್ಕರೆಪಾಕದಲ್ಲಿ ಹುರಿದ ಬಾದಾಮಿಯ ಘಮ. ಕೃಷ್ಣಪ್ರಸಾದರು ಕೆಂಪು ಉಣ್ಣೆ ಟೋಪಿ ಹಾಕಿಕೊಂಡರು. ಸಿಂಧು ಅಪ್ಪನ ತೋಳಿಗೆ ತೋಳು ಸೇರಿಸಿ ನಡೆದಳು. ವನಜಾ ಮೂವತ್ತು ಫೋಟೋ ತೆಗೆದಳು, ಇಪ್ಪತ್ತೆಂಟರಲ್ಲಿ ಅವಳ ಬೆರಳೂ ಬಂದಿತ್ತು.

ಇಪ್ಪತ್ನಾಲ್ಕರ ಮಧ್ಯಾಹ್ನ ಆ ಊರು ಅಂಗಡಿ ಷಟರ್ ಎಳೆದ ಹಾಗೆ ಮುಚ್ಚಿಕೊಂಡಿತು. ಅಲ್ಲಿನವರ ಹಬ್ಬ ಅಂದೇ ಸಂಜೆ, ಮನೆಯೊಳಗೆ. ಸಿಂಧು ಆಸೆಪಟ್ಟಿದ್ದ ಟಿವೋಲಿ ಉದ್ಯಾನದ ಗೇಟಿಗೂ ಬೀಗ. ಊಟದ ಹೋಟೆಲುಗಳೂ ತೆರೆದಿರಲಿಲ್ಲ. ನಾಲ್ಕು ಗಂಟೆಗೆ ಕತ್ತಲಾಯಿತು. ರೂಮಿಗೆ ಬಂದು, ವನಜಾ ತಂದಿದ್ದ ಗೊಜ್ಜವಲಕ್ಕಿ ಪುಡಿಗೆ ಕೆಟಲಿನ ಬಿಸಿನೀರು ಹುಯ್ದು ಕಲಸಿದರು. ಸಿಂಧುಗೆ ಬೇಜಾರೇನೂ ಇರಲಿಲ್ಲ. “ದಿಸ್ ಈಸ್ ಗ್ರ್ಯಾಂಡ್. ಮೂರು ಜನ ಇದೀವಲ್ಲ” ಎಂದಳು.

ಆಗ ವನಜಾಳ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಅವಳು ಸ್ಪೀಕರಿಗೆ ಹಾಕಿದಳು.

“ವನಜಕ್ಕಾ? ನಾನು ಜ್ಯೋತ್ಸ್ನಾ, ಡಾಕ್ಟರ್ ಧೀರಜ್ ಮಿಸೆಸ್. ಹೋಗ್ತಾ ಇವರು ನಿಮ್ಮ ನಂಬರ್ ಕೊಟ್ಟಿದ್ರು. ಸಾರಿ ಅಕ್ಕ, ಈ ಕ್ವಾರ್ಟರ್ಸಲ್ಲಿ ಹೀಟರ್ ಹೆಂಗೆ ಹಾಕೋದು? ಹಾಲು ತರೋಣ ಅಂತ ಹೊರಗೆ ಹೋದೆ, ಎಲ್ಲಾ ಮುಚ್ಚಿದೆ. ಇವರು ಫೋನ್ ಎತ್ತುತ್ತಿಲ್ಲ.”

“ಬಂದು ಎಷ್ಟು ದಿನ ಆಯ್ತಮ್ಮಾ?”

“ಮೊನ್ನೆ ಬಂದೆ ಅಕ್ಕ. ಸರ್‌ದು ಡ್ಯೂಟಿ ಅಂತೆ, ಇವರು ಮಾಡ್ತಿದ್ದಾರೆ.”

ವನಜಾ ಗಂಡನ ಮುಖ ನೋಡಿದಳು. ಹದಿನೆಂಟು ವರ್ಷದ ಹಿಂದೆ ಅದೇ ಕ್ವಾರ್ಟರ್ಸಿನಲ್ಲಿ ಐದು ತಿಂಗಳ ಬಸುರಿಯಾಗಿ ಕೋಟು ಹಾಕಿಕೊಂಡು ಮಲಗಿದ್ದವಳು ಅವಳು. ಹೀಟರಿನ ಗುಂಡಿ ಎಲ್ಲಿದೆ ಎಂದು ಹೇಳಿದಳು, ಪಕ್ಕದ ಬ್ಲಾಕಿನ ನರ್ಸಮ್ಮನ ಬಾಗಿಲು ತಟ್ಟು, ಹಾಲು ಕೊಡುತ್ತಾರೆ ಎಂದಳು. ಆಮೇಲೆ ಕೈಯಲ್ಲಿ ಫೋನು ಮುಚ್ಚಿ, “ನಿಮಗೆ ಗೊತ್ತಿತ್ತಾ?” ಎಂದಳು.

“ಗೊತ್ತಿತ್ತು. ಬೇರೆ ಯಾರೂ ಒಪ್ಪಲಿಲ್ಲ ವನಜಾ. ಮಗು ಕೇಳಿತ್ತಲ್ಲ.”

“ಏನಂತ ಒಪ್ಪಿಸಿದ್ರಿ?”

ಅವರು ಬಾಯಿ ತೆರೆಯುವ ಮೊದಲೇ, ಪ್ರತಿ ಡಿಸೆಂಬರಿನಲ್ಲೂ ಕೇಳಿದ್ದ ಮಾತನ್ನು ಸಿಂಧು ಹೇಳಿದಳು: “ನಮಗೇನು ಹಬ್ಬ ಅಲ್ವಲ್ಲ. ಅದೇ ತಾನೇ, ಡ್ಯಾಡ್?” ಅಷ್ಟು ಅಚ್ಚಗನ್ನಡ ಅವಳ ಬಾಯಲ್ಲಿ ಅವರು ಕೇಳಿರಲಿಲ್ಲ. “ಇಟ್ ವಾಸ್ ಮೈನ್. ಪ್ರತಿ ವರ್ಷ ನೀನು ಕೊಟ್ಟುಬಿಟ್ಟಿದ್ದು ನನ್ನದು.”

ಅವಳು ಅಮ್ಮನ ಕೈಯಿಂದ ಫೋನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು.

“ಹಾಯ್ ಅಕ್ಕ, ನಾನು ಸಿಂಧು. ಕೇಳಿ. ಬೆಳಗ್ಗೆ ಫೋನ್ ಮಾಡ್ಬೇಡಿ, ರೌಂಡ್ಸ್ ಇರತ್ತೆ. ಎರಡು ಗಂಟೆಗೆ ಮಾಡಿ, ಎತ್ತಬಹುದು. ‘ಬರ್ತೀನಿ’ ಅಂದ್ರೆ ನಂಬಬೇಡಿ, ಅಡುಗೆ ಆಗ್ಲೇ ಶುರು ಮಾಡ್ಬೇಡಿ. ಗೇಟ್ ಸದ್ದಾದಾಗೆಲ್ಲ ಎದ್ದು ನೋಡ್ಬೇಡಿ, ಪಕ್ಕದ ಮನೆಯವರದು ಅದು. ಬಂದ ತಕ್ಷಣ ಏನೂ ಹೇಳ್ಬೇಡಿ, ಸೋಫಾ ಮೇಲೇ ನಿದ್ದೆ ಬರತ್ತೆ ಅವರಿಗೆ. ಶೂಸ್ ಮಾತ್ರ ಬಿಚ್ಚಿ, ಎಚ್ಚರ ಆಗಲ್ಲ.”

ಅಡಿಗೆ ಪುಸ್ತಕ ಓದಿದ ಹಾಗೆ ಒಂದೊಂದೇ ಹೇಳಿದಳು. ಕೃಷ್ಣಪ್ರಸಾದರು ಕೆಟಲ್ ಹಿಡಿದು ನಿಂತೇ ಇದ್ದರು. ರೋಗಿಯ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು ಇಂಥ ವರದಿಗಳನ್ನು ಅವರು ಸಾವಿರ ಸಲ ಕೇಳಿದ್ದಾರೆ.

“ಎಷ್ಟು ವರ್ಷಕ್ಕೆ ಅಭ್ಯಾಸ ಆಗತ್ತೆ ಪುಟ್ಟಾ?” ಜ್ಯೋತ್ಸ್ನಾ ತಮಾಷೆಗೆ ಕೇಳಿದಳು, ದನಿ ಮಾತ್ರ ತಮಾಷೆಯದಾಗಿರಲಿಲ್ಲ.

“ನಂಗಿನ್ನೂ ಆಗಿಲ್ಲ ಅಕ್ಕ.”

ಕೃಷ್ಣಪ್ರಸಾದರು ವಿಮಾನ ಹುಡುಕಿದರು. ಕ್ರಿಸ್‌ಮಸ್ ದಿನ ಡಬ್ಲಿನ್ನಿಗೆ ವಿಮಾನವೇ ಇಲ್ಲ. ಧೀರಜ್‌ಗೆ ಫೋನ್ ಮಾಡಿದರು. ಅವನು ಮೂರನೇ ಸಲಕ್ಕೆ ಎತ್ತಿ, ಏದುಸಿರು ಬಿಡುತ್ತ, “ಇಲ್ಲೆಲ್ಲ ಗ್ರ್ಯಾಂಡ್ ಸರ್, ನೀವು ಎಂಜಾಯ್ ಮಾಡಿ” ಎಂದು ಇಟ್ಟುಬಿಟ್ಟ. ನಾಲ್ಕು ತಿಂಗಳೊಳಗೇ ಕಲಿತಿದ್ದ.

ಏಳೂವರೆಗೆ ತಾಯಿ ಮಗಳು ಕೋಟು ಹಾಕಿಕೊಂಡು ನಡೆಯಲು ಹೊರಟರು. ಇವರೂ ಹೊರಟರು. ನಾಲ್ಕು ಹೆಜ್ಜೆ ಹಿಂದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಕೆಳಮಹಡಿಯ ಮನೆಯೊಂದರ ಪರದೆ ಸರಿದಿತ್ತು. ಒಳಗೆ ಅಜ್ಜ ಅಜ್ಜಿ ಮಕ್ಕಳು ಎಲ್ಲ ಕೈಕೈ ಹಿಡಿದು, ಹಾಡುತ್ತ, ಮರದ ಸುತ್ತ ಸುತ್ತುತ್ತಿದ್ದರು. ವನಜಾ ಮತ್ತು ಸಿಂಧು ನಿಂತು ನೋಡಿದರು. ಕೃಷ್ಣಪ್ರಸಾದರೂ ನಿಂತರು. ನಾಲ್ಕು ಹೆಜ್ಜೆ ಏನೂ ದೂರವಲ್ಲ. ಮಗಳು ಕರೆಯಲಿ, ಹೋಗೋಣ ಎಂದುಕೊಂಡರು.

ಒಳಗಿನ ಹಾಡು ಮುಗಿಯಿತು. ಸಿಂಧು ಅಮ್ಮನ ಕೈ ಹಿಡಿದು ರಸ್ತೆ ದಾಟಿದಳು.