ಷಡ್ಡಕನ ಗಾಣ

ಹೊನ್ನೂರಿನ ಪುಟ್ಟಮಲ್ಲಪ್ಪ ಒಳ್ಳೆಯ ಬೇಸಾಯಗಾರ. ಊರಿನವರ ಏಳಿಗೆ ಕಂಡು ಅವನಿಗೆಂದೂ ಸಂಕಟವಾಗುತ್ತಿರಲಿಲ್ಲ, ಒಬ್ಬನದು ಬಿಟ್ಟು. ಆ ಒಬ್ಬ ಅವನ ಷಡ್ಡಕ ಗುರುಮಲ್ಲಪ್ಪ. ಪುಟ್ಟಮಲ್ಲಪ್ಪನ ಹೆಂಡತಿ ಶಂಕರಮ್ಮನ ತಂಗಿ ಶಿವರತ್ನಮ್ಮನನ್ನು ಮದುವೆಯಾಗಿ, ಅದೇ ಊರಿನಲ್ಲಿ, ಅದೇ ಕಾಲುವೆಯ ಕೆಳಗೆ ಕಬ್ಬು ಬೆಳೆಯುತ್ತಿದ್ದ.

ಅರವತ್ತೆರಡನೇ ಇಸವಿಯಲ್ಲಿ ಇಬ್ಬರೂ ಕೊಳ್ಳೇಗಾಲದಿಂದ ಒಂದೇ ಗಾಡಿಯಲ್ಲಿ ಎರಡು ಕಬ್ಬಿಣದ ಗಾಣ ತಂದರು. ಎರಡೂ ಒಂದೇ ಅಚ್ಚಿನವು. ಗಾಣದ ನೆತ್ತಿಗೆ ಅಡ್ಡಲಾಗಿ ತೊಲೆ ಕಟ್ಟಿ, ಅದರ ತುದಿಗೆ ಎತ್ತು ಹೂಡಿ ಸುತ್ತಿಸಿದರೆ ಕಬ್ಬು ಅರೆದು ಹಾಲು ಇಳಿಯುತ್ತಿತ್ತು. ಆದರೆ ಪುಟ್ಟಮಲ್ಲಪ್ಪನ ಎತ್ತುಗಳು ಬಿಸಿಲೇರುವ ಮುಂಚೆಯೇ ಬಾಯಲ್ಲಿ ನೊರೆ ಕಾರುತ್ತಿದ್ದವು. ಗುರುಮಲ್ಲಪ್ಪನ ಬಿಳಿ ಜೋಡಿ ಬಾರುಕೋಲಿನ ಸದ್ದಿಲ್ಲದೆ ಮಧ್ಯಾಹ್ನದ ತನಕ ಸುತ್ತುತ್ತಿತ್ತು.

"ನಮ್ಮ ಶಿವರತ್ನಿ ಮನೆ ಎತ್ತು ನೋಡಿ, ಮದ್ವೆಗೆ ಓಗೋ ಹಂಗೆ ನಡೀತವೆ," ಎಂದಳು ಶಂಕರಮ್ಮ, ಬುತ್ತಿ ಇಳಿಸುತ್ತಾ. ಪುಟ್ಟಮಲ್ಲಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಎಲ್ಲ ಎತ್ತಿನ ಗುಣ ಎಂದುಕೊಂಡ. ಮಾರನೆಯ ದಿನವೇ ಹೋಗಿ ಕೇಳಿದ: "ಜೋಡಿ ಬದ್ಲಾಯ್ಸಿಕೊಳ್ಳವಾ? ನಿಮ್ಮಕ್ಕಂಗೆ ಬಿಳೀವು ಹಿಡಿಸ್ಬುಟ್ಟವೆ."

"ತಕಂಡೋಗಣ್ಣ, ಅದ್ರಲ್ಲೇನು," ಎಂದು ಗುರುಮಲ್ಲಪ್ಪ ಅಲ್ಲೇ ಹಗ್ಗ ಬಿಚ್ಚಿಕೊಟ್ಟ. ಒಂದು ಮಾತೂ ಎಳೆದಾಡಲಿಲ್ಲವಲ್ಲ ಎಂಬುದೇ ದಾರಿಯುದ್ದಕ್ಕೂ ಚುಚ್ಚಿತು.

ಬಿಳಿ ಎತ್ತುಗಳೂ ಪುಟ್ಟಮಲ್ಲಪ್ಪನ ಗಾಣದಲ್ಲಿ ನೊರೆ ಕಾರಿದವು. ತನ್ನ ಹಳೆಯ ಜೋಡಿ ಅಲ್ಲಿ ಹಾಯಾಗಿ ಸುತ್ತುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ತಡೆಯಲಾರದೆ ಹೋಗಿ, ಕಬ್ಬಿನ ಸಿಪ್ಪೆಯ ರಾಶಿಯ ಮರೆಯಿಂದ ಇಣುಕಿದ.

"ಅದ್ಯಾಕಣ್ಣ ಅಲ್ಲಿ ನಿಂತಿದ್ದೀಯೆ? ಬಾ," ಎಂದ ಗುರುಮಲ್ಲಪ್ಪ.

ಮುಖ ಸಣ್ಣದಾದರೂ ಪುಟ್ಟಮಲ್ಲಪ್ಪ ಕೇಳಿಯೇಬಿಟ್ಟ. "ಎತ್ತಿಗೆ ಏನ್ ತಿನ್ನುಸ್ತೀಯಲಾ?"

"ನೀ ತಿನ್ನುಸೋದೇ. ನನ್ ತೊಲೆ ಉದ್ದ, ಅಷ್ಟೇಯ." ಅವನನ್ನು ಆಲೆಮನೆಯ ಬಾಗಿಲ ಬಳಿಗೆ ಕರೆದೊಯ್ದ. "ಕೀಲಿನ್ ತಾವ ಕೈಯಿಟ್ಟು ನೂಕು."

ಮೈಯ ಭಾರವನ್ನೆಲ್ಲ ಹಾಕಿದ ಮೇಲೆ ಬಾಗಿಲು ಅಲುಗಿತು.

"ಈಗ ಈ ತುದೀಲಿ ನೂಕು."

ಬೆರಳು ತಾಗಿಸಿದ್ದಕ್ಕೇ ತೆರೆದುಕೊಂಡಿತು.

"ತಿರುಗೋದು ಏನಿದ್ರೂ ಇಂಗೇ ಕಣಣ್ಣ. ನಡುವಿಂದ ದೂರ ಓದಷ್ಟೂ ಕಮ್ಮಿ ಬಲ ಸಾಕು."

ಅಷ್ಟೇ ಉದ್ದದ ತೊಲೆ ಕಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಷಡ್ಡಕನಿಗೆ ಸಮನಾಗುವುದು ಪುಟ್ಟಮಲ್ಲಪ್ಪನಿಗೆ ಸಾಕಾಗಲಿಲ್ಲ. ಅದರ ಎರಡರಷ್ಟು ಉದ್ದದ ಸರ್ವೆ ಮರ ತರಿಸಿದ. ಎತ್ತು ಸುತ್ತುವ ಜಾಗಕ್ಕಾಗಿ ಶಂಕರಮ್ಮನ ಅವರೆ ಗಿಡಗಳನ್ನೂ ಕಿತ್ತುಹಾಕಿದ. ಎತ್ತುಗಳು ಬಾಲ ಬೀಸುತ್ತಾ ಹೊರಟಾಗ, ಗುರುಮಲ್ಲ ಈಗ ಬಂದು ನೋಡಬಾರದೇ ಎನ್ನಿಸಿತು.

ಮಧ್ಯಾಹ್ನವಾದರೂ ಕೊಪ್ಪರಿಗೆ ತುಂಬಲಿಲ್ಲ. ಎತ್ತುಗಳಿಗೆ ಹಗುರವಾಗಿತ್ತು, ನಿಜ. ಆದರೆ ಅದೇ ನಡಿಗೆಯಲ್ಲಿ ಅಷ್ಟು ದೊಡ್ಡ ಸುತ್ತು ಹಾಕಿ ಬರುವಷ್ಟರಲ್ಲಿ ಗಾಣ ತಿರುಗುತ್ತಿದ್ದುದು ಒಂದೇ ಸಲ. ಕಡಿದು ಹಾಕಿದ ಕಬ್ಬು ಬಿಸಿಲಿಗೆ ಹುಳಿ ಹಿಡಿಯಿತು. ಆ ವರ್ಷದ ಬೆಲ್ಲ ಕಪ್ಪಗಾಗಿ ಕೈಗೆ ಅಂಟಿತು.

"ಎತ್ತಿನ ಬಲ ಉಳೀತು. ನಮ್ ದಿನ ಓಯ್ತು," ಎಂದಳು ಶಂಕರಮ್ಮ. ಅವರೆಯ ಸಿಟ್ಟು ಅವಳಿಗಿನ್ನೂ ಇಳಿದಿರಲಿಲ್ಲ.

ಕೊನೆಗೆ ಷಡ್ಡಕನನ್ನೇ ಕರೆಸಿದ. ಇಬ್ಬರೂ ಹಗ್ಗ ಹಿಡಿದು ಅಳೆದು ತೊಲೆ ಕತ್ತರಿಸಿದರು. ಮುಂದೆ ಎಷ್ಟೋ ವರ್ಷ ಎರಡೂ ಗಾಣ ಒಂದೇ ಹದದಲ್ಲಿ ನಡೆದವು. ಆದರೂ ಪ್ರತಿ ಸುಗ್ಗಿಯಲ್ಲೂ ಪುಟ್ಟಮಲ್ಲಪ್ಪ ಗುರುಮಲ್ಲಪ್ಪನ ಆಲೆಮನೆಯಿಂದ ಒಂದು ಚೂರು ಬೆಲ್ಲ ತಂದು, ತನ್ನದರ ಪಕ್ಕದಲ್ಲಿಟ್ಟು, ಯಾವುದರ ಬಣ್ಣ ಚೆನ್ನಾಗಿದೆ ಎಂದು ಹೆಂಡತಿಯನ್ನು ಕೇಳುತ್ತಿದ್ದ.

"ನಮ್ದೇ ಕಣ್ರಿ," ಎನ್ನುತ್ತಿದ್ದಳು ಶಂಕರಮ್ಮ, ಒಲೆಯಿಂದ ತಲೆ ಎತ್ತದೆ.