ಕೆನ್ನೆಗೆ ಹೊಂದುವ ಕೋವಿ

ಟುವಾಟಪೆರೆ ಎಂಬ ಸಣ್ಣ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಿತ್ತಲಿನ ಶೆಡ್ಡಿನಲ್ಲಿ ನೋಲೀನ್ ಬ್ರಾಡ್‌ಶಾ ಕಬ್ಬಿಣದ ಕಪಾಟಿನ ಬೀಗ ತೆಗೆದು, ಒದ್ದೆ ಗೋಣಿ ಸುತ್ತಿದ ಬೇಟೆಯ ರೈಫಲ್ ಒಂದನ್ನು ಹೊರಗೆಳೆಯುತ್ತಾರೆ. ನಳಿಗೆಗೆ ತುಕ್ಕು ಹಿಡಿಯದಂತೆ ಗ್ರೀಸ್ ಬಳಿದಿದ್ದಾರೆ. ಮಳೆಗೆ ತಾಳುತ್ತದೆಯೇ ಎಂದು ನೋಡಲು ರಾತ್ರಿಯಿಡೀ ನೆನೆಯಬೇಕಾದದ್ದು ಮರದ ಹಿಡಿ ಮಾತ್ರ.

"ಬೋಲ್ಟ್ ತೆಗೆದು ಅಲ್ಲಿಟ್ಟಿದೀನಿ, ಗುಂಡು ಹಾರಲ್ಲ, ಹೆದರಬೇಡ," ಎನ್ನುತ್ತಾರೆ, ನನ್ನ ಕಣ್ಣು ಎಲ್ಲಿ ನೆಟ್ಟಿದೆ ಎಂದು ಗಮನಿಸಿ. ಈ ಊರಿನಲ್ಲಿ, ಇವರ ನೆರೆಮನೆಯಲ್ಲೇ, ಇಷ್ಟು ವರ್ಷ ಬಾಳಿಯೂ ಕೋವಿ ಕಂಡರೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಅದರ ಕೆಳಗಿನ ಅಕ್ರೋಟು ಮರಕ್ಕೂ ನಡುವೆ ತೂರಿಸಿ ಅವರು ಮೆಲ್ಲಗೆ ಎಳೆಯುತ್ತಾರೆ. ಗೇಣುದ್ದ ಜಾರಿದ ಕಾಗದ ಅಲ್ಲೇ ಕಚ್ಚಿಕೊಳ್ಳುತ್ತದೆ. ಇನ್ನೊಮ್ಮೆ ಎಳೆದರೆ ಹರಿದು ಕೈಗೆ ಬರುತ್ತದೆ.

"ನಿನ್ನೆ ಸಂಜೆ ಜಾರ್ತಿತ್ತು. ರಾತ್ರಿ ನೀರು ಕುಡಿದು ಮರ ಉಬ್ಬಿದೆ, ನಳಿಗೇನ ಒತ್ತುತಿದೆ. ಈಗ ಹೊಡೆದ್ರೆ ಗುಂಡು ನಾವು ಹೇಳಿದ ಕಡೆ ಹೋಗಲ್ಲ."

ಈ ಹಿಡಿಯನ್ನು ಬಹಳ ವರ್ಷಗಳ ಹಿಂದೆ ಕೆತ್ತಿದವರು ಅವರೇ. ಹರಿದ ಕಾಗದವನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಕೆಟಲ್ ಇಡಲು ಏಳುತ್ತಾರೆ.

ರೈಫಲ್ ಕಾಲಿನ್ ಮೆಕ್‌ಟರ್ಕ್ ಅವರದು. ಜೀವಮಾನವೆಲ್ಲ ಕುರಿ ಉಣ್ಣೆ ಕತ್ತರಿಸಿ ಬಲಭುಜ ಸವೆಸಿಕೊಂಡವರು. ಫಿಯೋರ್ಡ್‌ಲ್ಯಾಂಡಿನ ಕಾಡಿನಲ್ಲಿ ವಪಿಟಿ ಜಿಂಕೆಯ ಗಂಡುಗಳು ಕೂಗುವ ಕಾಲಕ್ಕೆ ಯಾರು ಬೇಟೆಗೆ ಹೋಗಬೇಕೆಂದು ಪ್ರತಿ ವರ್ಷ ಚೀಟಿ ಎತ್ತುತ್ತಾರೆ. ಕೂದಲು ಕಪ್ಪಗಿದ್ದಾಗಿನಿಂದ ಹೆಸರು ಕೊಡುತ್ತ ಬಂದ ಕಾಲಿನ್‌ಗೆ ಅದು ಬಂದಿರುವುದು ಈ ವರ್ಷ. ಮತ್ತೊಮ್ಮೆ ಬರುವ ಹೊತ್ತಿಗೆ ಆ ಬೆಟ್ಟ ಹತ್ತುವ ಕಾಲು ಇರುವುದಿಲ್ಲ ಎಂದು ಅವರಿಗೂ ಗೊತ್ತು, ನೋಲೀನ್‌ಗೂ ಗೊತ್ತು. ಅಲ್ಲಿ ಮಳೆ ಬಿಡುವುದಿಲ್ಲ ಎಂಬುದಂತೂ ಈ ಊರಿನ ನಾಯಿಗಳಿಗೂ ಗೊತ್ತು.

ಬೆಳಗಿನ ಚಹಾಕ್ಕೆ ಸರಿಯಾಗಿ ಕಾಲಿನ್ ಚೀಸ್ ರೋಲಿನ ಪೊಟ್ಟಣ ಹಿಡಿದು ಬರುತ್ತಾರೆ. ನೋಲೀನ್ ಹರಿದ ಕಾಗದವನ್ನು ಅವರ ಮುಂದಿಡುತ್ತಾರೆ.

"ಒಂದಿಷ್ಟು ಅಗಸೆ ಎಣ್ಣೆ ತಿಕ್ಕು, ಸರಿಹೋಗುತ್ತೆ," ಎನ್ನುತ್ತಾರೆ ಕಾಲಿನ್.

"ತಿಕ್ಕಬಹುದು. ಆದ್ರೆ ಇದು ಒಲೆ ಕಂಡ ಮರ ಕಣೋ. ಒಂದ್ಸಲ ಬಾಗಿದ ಕಡೆಗೇ ಮತ್ತೆ ಬಾಗುತ್ತೆ."

ಕಾಲಿನ್ ಚೀಸ್ ರೋಲನ್ನು ಕೆಳಗಿಡುತ್ತಾರೆ. ಹಿಂದೊಮ್ಮೆ ಕಾಡಿನ ಗುಡಿಸಲಿನಲ್ಲಿ, ನೆನೆದ ರೈಫಲನ್ನು ಬೇಗ ಒಣಗಲಿ ಎಂದು ಒಲೆಯ ಪಕ್ಕಕ್ಕೆ ಒರಗಿಸಿ ಮಲಗಿದ್ದರು. ಮರುದಿನ ಹೊಡೆದ ಗುಂಡು ಹೆಣ್ಣು ಜಿಂಕೆಯ ಹಿಂಗಾಲಿಗೆ ತಾಗಿತು. ಕತ್ತಲಾಗುವವರೆಗೂ ನೆತ್ತರಿನ ಜಾಡು ಹಿಡಿದು ನಡೆದರೂ ಅದು ಸಿಗಲಿಲ್ಲ. ಆ ಕಥೆಯನ್ನು ಕಾಲಿನ್ ಬೇಟೆಯ ಮಾತು ನಡೆಯುವ ಊರ ಹೋಟೆಲಿನಲ್ಲಿ ಯಾರಿಗೂ ಹೇಳುವುದಿಲ್ಲ.

"ಗುಂಡು ತಪ್ಪಿಹೋದ್ರೆ ಹೋಗಲಿ," ನೋಲೀನ್ ದನಿ ತಗ್ಗಿಸುತ್ತಾರೆ. "ಅರೆಬರೆ ತಗುಲೋದು ಬೇಡ. ಈ ಸಲ ಪ್ಲಾಸ್ಟಿಕ್ ಹಿಡಿ ಹಾಕ್ಕೊಂಡು ಹೋಗು."

"ಪ್ಲಾಸ್ಟಿಕ್ಕಾ! ಬಕೆಟ್ ತಬ್ಬಿಕೊಂಡ ಹಾಗಿರುತ್ತೆ ಅದು."

"ಬಕೆಟ್ ನೀರು ಕುಡಿಯಲ್ವಲ್ಲ, ಅದಕ್ಕೇ."

"ನೀನು ಕೆತ್ತಿದ್ದು ಕಣೇ ಇದು. ನೀನೇ ಹೀಗಂದ್ರೆ?"

"ನಾನು ಕೆತ್ತಿದ್ದಕ್ಕೇ ಹೇಳ್ತಿರೋದು, ಮುದುಕಪ್ಪ. ಬೇರೆಯೋರದಾಗಿದ್ರೆ ಸುಮ್ನೆ ಹೊಗಳಿ ಕಳಿಸ್ತಿದ್ದೆ."

ನೋಲೀನ್ ಹುಟ್ಟಿದ್ದು ಇಲ್ಲಿಯೇ, ಮರ ಕೊಯ್ಯುವ ಮಿಲ್ಲಿನ ಸದ್ದಿನಲ್ಲಿ. ಅಪ್ಪ ಅಲ್ಲಿ ಗರಗಸ ಹರಿತ ಮಾಡುತ್ತಿದ್ದರು. ಮಿಲ್ಲು ಮುಚ್ಚಿದಾಗ ಊರಿನ ಅರ್ಧ ಜನ ಗಂಟುಮೂಟೆ ಕಟ್ಟಿದರು. ಇವರು ಅಪ್ಪನ ಅರ, ಉಳಿಗಳನ್ನು ಇಟ್ಟುಕೊಂಡು ಕೋವಿಯ ಹಿಡಿ ಕೆತ್ತುವುದನ್ನು ಕಲಿತರು. ಹೆಂಗಸು ಕೆತ್ತಿದ ಹಿಡಿ ಎಂದು ತಿಳಿದು ರೈಫಲ್ ವಾಪಸು ಒಯ್ದವರಿದ್ದಾರೆ. "ಆಮೇಲೆ ಅವರ ಮಕ್ಕಳು ಬಂದ್ರು," ಎಂದಷ್ಟೇ ಹೇಳಿ ನಗುತ್ತಾರೆ. ಅಕ್ರೋಟಿನ ಧೂಳು ಎದೆಗಿಳಿದು, ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ಎಡಗೈಯ ತೋರುಬೆರಳು ಮಡಚುವುದಿಲ್ಲ.

ಈಗ ಹೊಸದಾಗಿ ಮರದ ಹಿಡಿ ಕೇಳುವವರು ವರ್ಷಕ್ಕೆ ನಾಲ್ಕೈದು ಜನ. ಹೆಚ್ಚಿನ ಕೆಲಸ ಕಾರ್ಖಾನೆಯ ಪ್ಲಾಸ್ಟಿಕ್ ಹಿಡಿಯನ್ನು ಮೈಗೆ ಹೊಂದಿಸಿಕೊಡುವುದು. ಪೇಟೆಯ ಬೇಟೆ ಅಂಗಡಿಗಳವರು ತಮ್ಮ ಗಿರಾಕಿಗಳ ರೈಫಲುಗಳನ್ನು ಇಲ್ಲಿಗೆ ಕಳಿಸುತ್ತಾರೆ. ಹಿಂದಿರುಗಿದ ಮೇಲೆ ಅದು ಆ ಅಂಗಡಿಯ ಕೆಲಸ ಎನಿಸಿಕೊಳ್ಳುತ್ತದೆ. ನೋಲೀನ್ ಹೆಸರು ಎಲ್ಲಿಯೂ ಇರುವುದಿಲ್ಲ. ಬೇಸರವಿಲ್ಲವೇ ಎಂದರೆ, "ದರ್ಜಿ ಹೆಸರನ್ನ ಯಾರಾದ್ರೂ ಅಂಗಿ ಮೇಲೆ ಬರೀತಾರಾ?" ಎನ್ನುತ್ತಾರೆ.

ಕಾಲಿನ್ ಒಪ್ಪಿದ್ದು ಮೂರನೆಯ ಲೋಟ ಚಹಾಕ್ಕೆ. ಅದೂ ಒಂದು ಷರತ್ತಿನ ಮೇಲೆ: ಮರದ ಹಿಡಿಯನ್ನು ಕಣ್ಣಿಗೆ ಬೀಳುವಂತೆ ಗೋಡೆಗೆ ತೂಗುಹಾಕಬೇಕು, ಮೂಲೆಗೆ ತಳ್ಳಬಾರದು.

ನೋಲೀನ್ ನಳಿಗೆಯನ್ನು ಬಿಚ್ಚಿ ಪ್ಲಾಸ್ಟಿಕ್ ಹಿಡಿಗೆ ಕೂರಿಸುತ್ತಾರೆ. ಕೊಂಬೆ ತಾಗಿದರೆ ಡಬ್ಬದಂತೆ ಸದ್ದಾಗದಿರಲಿ ಎಂದು ಅದರ ಟೊಳ್ಳಿಗೆ ಒಣಗಿ ಗಟ್ಟಿಯಾಗುವ ಫೋಮ್ ತುಂಬುತ್ತಾರೆ. ಭುಜ ನೋಯದಿರಲಿ ಎಂದು ಹಿಂಭಾಗವನ್ನು ಬೆರಳಗಲ ಕೊಯ್ದು, ಮೆತ್ತನೆಯ ರಬ್ಬರು ಅಂಟಿಸುತ್ತಾರೆ. ಇಷ್ಟಾದ ಮೇಲೆ ಕಾಲಿನ್‌ರನ್ನು ಕೂರಿಸಿ, ಕಣ್ಣು ಮುಚ್ಚಿ ರೈಫಲ್ ಏರಿಸಲು ಹೇಳುತ್ತಾರೆ. ಕಣ್ಣು ಬಿಟ್ಟಾಗ ರೈಫಲಿನ ಮೇಲಿನ ದುರ್ಬೀನಿನಲ್ಲಿ ಅರ್ಧಕ್ಕರ್ಧ ಕತ್ತಲೆ. ಕೆನ್ನೆ ಕೆಳಗಿದೆ. ನೋಲೀನ್ ಹಿಡಿಯ ಮೇಲೆ ಕೆನ್ನೆ ತಾಗುವಲ್ಲಿ ತೊಗಲಿನ ಒಂದು ಪದರ ಅಂಟಿಸುತ್ತಾರೆ, ಇನ್ನೊಂದು ಅಂಟಿಸುತ್ತಾರೆ, ಉಪ್ಪುಕಾಗದದಿಂದ ತಿಕ್ಕುತ್ತಾರೆ, ಗೋಡೆಯ ಮೇಲಿನ ಮರದ ಹಿಡಿಯ ಉಬ್ಬನ್ನು ಅಂಗೈಯಲ್ಲಿ ಸವರಿ ಬಂದು ಮತ್ತೆ ತಿಕ್ಕುತ್ತಾರೆ.

"ಮುಚ್ಚು ಕಣ್ಣು. ಏರಿಸು. ಈಗ ಬಿಡು ಕಣ್ಣು."

ಕಾಲಿನ್ ಬಹಳ ಹೊತ್ತು ಕೆನ್ನೆ ತೆಗೆಯುವುದಿಲ್ಲ. "ಬಕೆಟ್ಟೇ," ಎನ್ನುತ್ತಾರೆ ಕೊನೆಗೆ. "ಆದ್ರೆ ನಮ್ಮನೆ ಬಕೆಟ್."

ಶೂಟಿಂಗ್ ರೇಂಜಿನಲ್ಲಿ ಗುರಿ ಹೊಂದಿಸಿಕೊಂಡು ಕಾಲಿನ್ ಕಾಡಿಗೆ ಹೋಗುತ್ತಾರೆ. ಆ ದಿನಗಳಲ್ಲಿ ವೈಯಾವು ನದಿ ಕೆಂಪಾಗಿ ಉಕ್ಕುತ್ತದೆ. ನೋಲೀನ್ ಬೇರೆಯವರ ರೈಫಲುಗಳ ಕೆಲಸ ಮಾಡುತ್ತಲೇ, ಆಗೊಮ್ಮೆ ಈಗೊಮ್ಮೆ ಉಳಿ ಕೆಳಗಿಟ್ಟು ಬಾಗಿಲಿಗೆ ಬಂದು ಕಾಡಿನ ಕಡೆಯ, ಪಶ್ಚಿಮದ ಮೋಡ ನೋಡುತ್ತಾರೆ. ತೊಗಲಿನ ಅಂಟು ನೀರಿಗೆ ತಾಳುತ್ತದೆಯೇ ಎಂದು ಕೇಳಬೇಕೆನಿಸುತ್ತದೆ ನನಗೆ. ಅವರ ಮುಖ ನೋಡಿ ಕೇಳುವುದಿಲ್ಲ.

ಕಾಲಿನ್ ಬಂದವರು ಮನೆಗೂ ಹೋಗದೆ ನೇರ ಶೆಡ್ಡಿಗೇ ಬರುತ್ತಾರೆ. ಗಡ್ಡ, ಕೆಸರು, ಹೊಗೆಯ ವಾಸನೆ. ವ್ಯಾನಿನ ಹಿಂದೆ ಕೊಂಬೂ ಇಲ್ಲ, ಮಾಂಸವೂ ಇಲ್ಲ.

"ತಪ್ಪಿತಾ?" ಕೇಳುತ್ತಾರೆ ನೋಲೀನ್.

"ಹೊಡೀಲೇ ಇಲ್ಲ."

"ಯಾಕೋ? ತೊಗಲು ಎದ್ದುಬಂತಾ?"

"ಅಯ್ಯೋ, ಕೇಳು ಮಾರಾಯ್ತಿ. ಕೊನೇ ದಿನ, ಸುರಿಯೋ ಮಳೆ. ಮಂಜೊಳಗಿಂದ ಒಬ್ಬ ಗಂಡು ಜಿಂಕೆ ಕೂಗ್ತಾ ಬಂದ. ಕೆನ್ನೆ ಇಟ್ಟೆ ನೋಡು, ದುರ್ಬೀನಿನ ತುಂಬಾ ಅವನೇ. ಕೈ ನಡುಗಲಿಲ್ಲ, ಕತ್ತು ಹೊರಳಿಸಬೇಕಾಗ್ಲಿಲ್ಲ. ಹಾಗಾಗಿ ಕೊಂಬು ನೋಡೋಕೆ ಪುರುಸೊತ್ತು ಸಿಕ್ತು. ಎಳೆಯವನು. ಇನ್ನೂ ಎರಡು ಮೂರು ವರ್ಷ ಬೆಳೆದ್ರೆ ರಾಜ ಆಗ್ತಾನೆ. ಬಿಟ್ಟೆ."

"ಅಷ್ಟು ವರ್ಷ ಚೀಟಿಗೆ ಹೆಸರು ಕೊಟ್ಟು?"

"ಅಷ್ಟು ವರ್ಷ ಕೊಟ್ಟು," ಎನ್ನುತ್ತಾರೆ ಕಾಲಿನ್, ಮುಖದ ತುಂಬ ನಗುತ್ತ.

ನೋಲೀನ್ ಬೋಲ್ಟ್ ತೆಗೆದಿದೆಯೇ ನೋಡಿ, ರೈಫಲನ್ನು ಬೆಂಚಿನ ಮೇಲೆ ಮಲಗಿಸಿ ಜೇಬಿನಿಂದ ಹೊಸದೊಂದು ಕಾಗದದ ಪಟ್ಟಿ ತೆಗೆಯುತ್ತಾರೆ. ಅದು ನಳಿಗೆಯುದ್ದಕ್ಕೂ ಸಲೀಸಾಗಿ ಜಾರುತ್ತದೆ. ಬೇಸಿಗೆಯಲ್ಲಿ ಒಣಗುಡ್ಡದಲ್ಲಿ ಮೊಲದ ಬೇಟೆಗೆ ಹೋಗುವಾಗ ಮರದ ಹಿಡಿ ಹಾಕಿಕೊಡುವುದಾಗಿ ಹೇಳಿ, ಮೊದಲು ಹೋಗಿ ಸ್ನಾನ ಮಾಡೆಂದು ಗದರಿಸಿ ಕಳಿಸುತ್ತಾರೆ.

ಅಷ್ಟು ಹೊಂದಿಸಿ ಕೊಟ್ಟ ಹಿಡಿಗೆ ಕೆನ್ನೆಯಿಟ್ಟ ಆ ಗಳಿಗೆಯಲ್ಲಿ ಕಾಲಿನ್‌ಗೆ ನಿಮ್ಮ ನೆನಪಾಗಿರಬಹುದಲ್ಲವೇ ಎಂದು ಕೇಳುತ್ತೇನೆ.

"ಆಗಬಾರದು," ನೋಲೀನ್ ತೊಗಲಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸುತ್ತಾರೆ. "ಆ ಹೊತ್ತಲ್ಲಿ ನಾನು ನೆನಪಾದೆ ಅಂದ್ರೆ ಹಿಡಿ ಎಲ್ಲೋ ಒತ್ತುತಾ ಇದೆ ಅಂತ ಅರ್ಥ."