ಬೀಸುಕಲ್ಲಿನ ಹಾಡು, ಹಿಂದುಳಿಯುವ ಕಂಪ್ಯೂಟರ್

ಹೋದ ವರ್ಷ ಶ್ರಾವಣ ಹಿಡಿದ ಮೊದಲ ವಾರ, ಗುರುವಾರ. ಅಂದು ಮುಂಜಾನೆ ಎದ್ದು ಅಂಗಳ ಗುಡಿಸಿ ಸಗಣಿ ನೀರಿನ ಥಳಿ ಹೊಡೆದೆ. ನಳ ಬಂದಿತ್ತು, ಹನ್ನೊಂದು ಕೊಡ ತುಂಬಿದೆ. ಹದಿನಾಲ್ಕು ರೊಟ್ಟಿ ಬಡಿದು ಬದನೆಕಾಯಿ ಪಲ್ಯ ಮಾಡಿದೆ. ಯಜಮಾನರ ಬುತ್ತಿ ಕಟ್ಟಿಕೊಟ್ಟೆ. ಅವರು ಕುಷ್ಟಗಿ ಕಡೆ ಹೋಗುವ ಬಸ್ಸಿನ ಕಂಡಕ್ಟರ್, ಆರೂವರೆಗೆ ಮನೆ ಬಿಡಬೇಕು. ಅತ್ತೆಗೆ ಗಂಜಿ ಕಾಸಿ ಕೊಟ್ಟು ಗುಳಿಗೆ ನುಂಗಿಸಿದೆ. ಒಲೆಯ ಮೇಲೆ ಶೇಂಗಾ ಹುರಿಯಲು ಇಟ್ಟೆ. ಆಮೇಲೆ ಕಂಪ್ಯೂಟರಿನ ಕರ್ನಲ್ ಸರಿಮಾಡಲು ಕೂತೆ. ಆ ವಾರದಲ್ಲಿ ಅದು ಮೂರನೆಯ ದಿನ.

ಇರಕಲ್ಲಗಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಜೆರಾಕ್ಸ್ ಮಾಡುವುದು. ಕಂಪ್ಯೂಟರ್ ಹಳೆಯದು. ಅದರಲ್ಲಿ ಬೇರೆ ಯಾವುದೂ ಓಡದ್ದರಿಂದ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡು, ಬಿದ್ದು ಎದ್ದು ಕಲಿತಿದ್ದೆ. ಆದರೆ ಅದರ ಹೊಟ್ಟೆಗೆ ಕೈ ಹಾಕುವ ಕೆಲಸ ಅದುವರೆಗೂ ಬಂದಿರಲಿಲ್ಲ.

ಬಂದದ್ದು ನಮ್ಮ ಅತ್ತೆ ಹನುಮವ್ವನ ಕಾರಣಕ್ಕೆ. ಅವರ ಗಂಟಲಲ್ಲಿ ಗಡ್ಡೆಯಾಗಿತ್ತು. ಕೊಪ್ಪಳದ ಡಾಕ್ಟರು ಮುಂದಿನ ಸೋಮವಾರ ಆಪರೇಶನ್ ಎಂದಿದ್ದರು. ಜೀವಕ್ಕೇನೂ ಭಯವಿಲ್ಲ, ದನಿ ಮಾತ್ರ ಮೊದಲಿನಂತೆ ಉಳಿಯುತ್ತದೆಂದು ಹೇಳಲಾಗುವುದಿಲ್ಲ, ಅಲ್ಲಿಯವರೆಗೆ ಕೂಗಾಡಬೇಡಿ ಎಂದೂ ಹೇಳಿದ್ದರು. ನಮ್ಮ ಓಣಿಯಲ್ಲಿ ಬೀಸುಕಲ್ಲಿನ ಹಾಡುಗಳು ಪೂರ್ತಿ ಬರುವುದು ಅತ್ತೆಯೊಬ್ಬರಿಗೇ. ಬಸ್ಸಿನಲ್ಲಿ ಮನೆಗೆ ಬರುವಾಗ ಅವರು ನನ್ನ ಕೈ ಹಿಡಿದು, "ದನಿ ಹೋದ್ರ ಹೋಗ್ಲಿ. ಹಾಡು ಹೋಗಬಾರ್ದು. ನಿನ್ನ ಕಂಪ್ಯೂಟರ್‌ನ್ಯಾಗ ಹಾಕಿ ಇಡು" ಎಂದರು.

ಮೊದಲು ಫೋನಿನಲ್ಲಿ ಹಿಡಿಯಲು ನೋಡಿದೆ. ಅತ್ತೆಗೆ ಕಿವಿ ಮಂದ. ತಮ್ಮ ದನಿ ತಮಗೇ ಕೇಳದ್ದರಿಂದ ಒದರಿ ಹಾಡಿದರು. ಎರಡು ಸಾಲಿಗೆ ಕೆಮ್ಮು ಹತ್ತಿತು. ಮದುವೆ ಮುಂಜಿಗೆ ಸೌಂಡ್ ಸೆಟ್ ಹಚ್ಚುವ ನಮ್ಮ ಓಣಿಯ ಖಾಜಾಸಾಬ್ರನ್ನು ಕೇಳಿದೆ. ಹಾಡುವವರ ದನಿ ಹಾಡುವವರ ಕಿವಿಗೆ ಬೀಳಬೇಕು, ಆಗ ತಾವೇ ಮೆತ್ತಗೆ ಹಾಡುತ್ತಾರೆ ಎಂದು ಹೇಳಿ, ಕಂಪ್ಯೂಟರಿಗೆ ಸಿಗಿಸುವ ಒಂದು ಮೈಕು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ಕೊಟ್ಟರು.

ಸೋಮವಾರ ಅತ್ತೆಯನ್ನು ಕೂರಿಸಿ ಹೆಡ್‌ಫೋನ್ ಹಾಕಿದೆ. ಒಂದು ಸಾಲು ಹಾಡಿ ನಿಲ್ಲಿಸಿದರು. ಮುಂದುವರಿಸಿ ಎಂದು ಕೈಸನ್ನೆ ಮಾಡಿದೆ. ಇನ್ನೊಂದು ಸಾಲು, ಮತ್ತೆ ನಿಲುಗಡೆ. ಮರೆತರೇನೋ ಅಂದುಕೊಂಡೆ. ನಾಲ್ಕನೆಯ ಸಲಕ್ಕೆ ಹೆಡ್‌ಫೋನ್ ತೆಗೆದು, ಯಾಕೆ ನಿಲ್ಲಿಸ್ತೀರಿ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ಆಕಿ ಮುಗಸಲಿ ತಡಿ. ಇಬ್ರೂ ಕೂಡೇ ಒದರಿದ್ರ ಜಗಳಾ ಆಕ್ಕೈತಿ, ಹಾಡು ಆಗಂಗಿಲ್ಲ."

"ಯಾರ್ರಿ ಅತ್ತಿ ಆಕಿ?"

"ಹಿಂದಿಂದ ಹಾಡಾಕಿ."

ಹೆಡ್‌ಫೋನನ್ನು ನನ್ನ ಕಿವಿಗಿಟ್ಟುಕೊಂಡು ಮಾತಾಡಿದೆ. ಚಿಟಿಕೆ ಹೊಡೆಯುವಷ್ಟು ಹೊತ್ತು ತಡವಾಗಿ ನನ್ನ ಮಾತೇ ನನಗೆ ತಿರುಗಿ ಬಂತು. ಬೀಸುವಾಗ ಇಬ್ಬರು ಹೆಂಗಸರು ಎದುರುಬದುರು ಕೂತು ಒಂದೇ ಗೂಟ ಹಿಡಿಯುತ್ತಾರೆ. ಒಬ್ಬಳು ಸಾಲು ಎತ್ತಿದರೆ ಇನ್ನೊಬ್ಬಳು ಅದನ್ನೇ ಹಿಂದಿನಿಂದ ಹಾಡುತ್ತಾಳೆ. ಆಕೆ ಮುಗಿಸುವ ತನಕ ಮೊದಲಿನವಳು ಮುಂದಿನ ಸಾಲು ಎತ್ತುವುದಿಲ್ಲ. ಅತ್ತೆ ಆ ರೂಢಿಯಲ್ಲೇ ಬೆಳೆದವರು. ಈಗ ತಮ್ಮ ದನಿಗೇ ಮರ್ಯಾದೆ ಕೊಟ್ಟು ಸುಮ್ಮನೆ ಕೂರುತ್ತಿದ್ದರು. ಅದು ನಿಮ್ಮದೇ ದನಿ ಎಂದರೆ ನಂಬಲಿಲ್ಲ. "ನನ್ನ ದನಿ ನನಗ ಗುರ್ತು ಸಿಗಂಗಿಲ್ಲೇನು? ಆಕಿ ನನಗಿಂತ ಸಣ್ಣಾಕಿ" ಎಂದರು.

ಯಜಮಾನರು ಸಂಜೆ ಬಂದು ಕೇಳಿ, "ನಮ್ಮ ಬಸ್ಸ ವಾಸಿ ಬಿಡ. ತಡಾ ಆದ್ರ ಒಂದ ಬಸ್ಸ ತಡಾ ಆಕ್ಕೈತಿ, ಎರಡಾಗಿ ಬರಂಗಿಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಗೊತ್ತಾಯಿತು, ತಪ್ಪು ಕರ್ನಲ್‌ನ ಹಂತದಲ್ಲಿದೆ ಎಂದು. ಕರ್ನಲ್ ಅಂದರೆ ಕಂಪ್ಯೂಟರಿನ ಒಳಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವ ಹಿರಿಯಳು. ಸಾದಾ ಕರ್ನಲ್ ಕೈಯಲ್ಲಿದ್ದ ರೊಟ್ಟಿ ಬಡಿದು ಮುಗಿಸಿ ಆಮೇಲೆ ಉಕ್ಕುವ ಹಾಲಿನ ಕಡೆ ನೋಡುತ್ತದೆ. ರಿಯಲ್‌ಟೈಮ್ ಕರ್ನಲ್ ಅನ್ನುವುದು ಹಾಲು ಉಕ್ಕಿದ ಕೂಡಲೇ ರೊಟ್ಟಿ ಕೈಬಿಟ್ಟು ಓಡುತ್ತದೆ. ನನಗೆ ಬೇಕಾದದ್ದು ಎರಡನೆಯದು.

ಮಂಗಳವಾರ ಅದನ್ನು ಇಳಿಸಿ ಹಾಕಿದೆ. ತಡ ಹಾಗೇ ಇತ್ತು. ಇಂಟರ್‌ನೆಟ್‌ನಲ್ಲಿ ಬರೆದಂತೆ ಸೆಟ್ಟಿಂಗ್ ಒಂದೊಂದೇ ಬದಲಿಸಿದೆ, ಪ್ರತಿ ಸಲ ಕಂಪ್ಯೂಟರ್ ಆರಿಸಿ ಹಚ್ಚಿದೆ. ತಡ ಹಾಗೇ ಇತ್ತು. ಬುಧವಾರವೂ ಅದೇ ಪೂಜೆ. ಪಹಣಿಗೆ ಬಂದವರು ಕಟ್ಟೆಯ ಮೇಲೆ ಕೂತು ಕೂತು ಎದ್ದು ಹೋದರು. ಅತ್ತೆ ಒಳಗಿನಿಂದ, ಆಕೆ ಇನ್ನೂ ಅದಾಳೇನು ಎಂದು ಕೇಳುತ್ತಲೇ ಇದ್ದರು. ಸೋಮವಾರಕ್ಕೆ ದಿನ ಕಡಿಮೆಯಾಗುತ್ತಿದ್ದವು. ನನಗೆ ಆ ಕಂಪ್ಯೂಟರನ್ನು ಎತ್ತಿ ಬಾವಿಗೆ ಒಗೆಯಬೇಕು ಅನಿಸಿತ್ತು.

ಗುರುವಾರ ಮುಂಜಾನೆ ಸಾಕಾಗಿ ಖಾಜಾಸಾಬ್ರಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, "ಹೊಸಾದು ಹಾಕೀರಿ, ಖರೇ ಅಕ್ಕಾರ. ಈಗ ಓಡಾಕತ್ತಿದ್ದು ಹೊಸಾದೇನ್ರಿ?" ಎಂದರು.

ಓಡುತ್ತಿರುವ ಕರ್ನಲ್ ಯಾವುದು ಎಂದು ಕೇಳುವ ಒಂದು ಸಾಲಿನ ಆಜ್ಞೆ ಇದೆ. ಟೈಪ್ ಮಾಡಿದೆ. ಹಳೆಯದರ ಹೆಸರು ಬಂತು. ಹಚ್ಚಿದಾಗಲೆಲ್ಲ ಕಂಪ್ಯೂಟರ್ ತನ್ನಷ್ಟಕ್ಕೆ ಹಳೆಯದನ್ನೇ ಎಬ್ಬಿಸುತ್ತಿತ್ತು. ಹೊಸದು ಎರಡು ದಿನದಿಂದ ಬಾಗಿಲ ಹೊರಗೆ ಕೂತಿತ್ತು. ಹಾಗೆಂದು ಫೋನಿನಲ್ಲೇ ಒಪ್ಪಿಕೊಂಡೆ. ಖಾಜಾಸಾಬ್ರು ನಗಲಿಲ್ಲ, ಅದು ಅವರ ದೊಡ್ಡತನ. ಅಷ್ಟರಲ್ಲಿ ಒಳಗಿನಿಂದ ಸುಟ್ಟ ವಾಸನೆ ಬಂತು. ಶೇಂಗಾ ಕರಿದಾಗಿತ್ತು.

ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚುವಾಗ ಹೊಸ ಕರ್ನಲನ್ನು ನಾನೇ ಆಯ್ದುಕೊಂಡೆ. ಅದು ದನಿಯನ್ನು ದೊಡ್ಡ ಸೌಟಿನ ಬದಲು ಚಮಚದಲ್ಲಿ ಸಾಗಿಸುವಂತೆ ಮಾಡಿದೆ. ಚಮಚ ಸಣ್ಣದಾದಷ್ಟೂ ತಡ ಕಡಿಮೆ. ಆದರೆ ಒಂದು ಚಮಚ ತಪ್ಪಿದರೂ ಕಿವಿಯಲ್ಲಿ ಚಟ್ ಅನ್ನುತ್ತದೆ. ಚಟ್ ಚಟ್ ಅನ್ನುತ್ತಲೇ ಇತ್ತು, ಒಗ್ಗರಣೆಗೆ ಸಾಸಿವೆ ಹಾಕಿದಂತೆ. ಧ್ವನಿಯ ಕೆಲಸಕ್ಕೆ ಮೊದಲ ಸ್ಥಾನ ಕೊಡುವ ಪರವಾನಗಿ ನನ್ನ ಹೆಸರಿಗೆ ಬರೆದೆ. ಆದರೂ ಚಟ್. ಕಡೆಗೆ, ಅದೂ ನಡುವೆ ಬಾಯಿ ಹಾಕುತ್ತಿರಬಹುದೆಂದು ವೈಫೈ ಬಂದ್ ಮಾಡಿದೆ. ನಿಂತಿತು. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಮಧ್ಯಾಹ್ನ ಉಂಡಿರಲಿಲ್ಲ ಅನ್ನುವುದು ಆಗ ನೆನಪಾಯಿತು. ಹೆಡ್‌ಫೋನ್ ಹಾಕಿಕೊಂಡು ಮಾತಾಡಿದೆ. ಬಾಯಿಂದ ಹೊರಟದ್ದು ಆ ಕ್ಷಣಕ್ಕೇ ಕಿವಿಯಲ್ಲಿತ್ತು.

ಓಡಿ ಹೋಗಿ ಅತ್ತೆಯನ್ನು ಕರೆತಂದು ಕೂರಿಸಿದೆ. ಒಂದು ಸಾಲು ಹಾಡಿದರು. ಮೆತ್ತಗೆ, ಕೆಮ್ಮಿಲ್ಲದೆ. ಹಾಡಿ ನಿಲ್ಲಿಸಿದರು.

ನಾನು ತಲೆ ಮೇಲೆ ಕೈ ಹೊತ್ತೆ. "ಈಗ ಯಾಕ್ರಿ ಅತ್ತಿ?"

"ಆಕಿ ಬರವಲ್ಲಳು."

ಆಕೆ ಯಾವತ್ತೂ ಇರಲೇ ಇಲ್ಲ, ಅದು ಕಂಪ್ಯೂಟರಿನ ತಪ್ಪಾಗಿತ್ತು, ಮೂರು ದಿನ ಸತ್ತು ಸುಣ್ಣವಾಗಿ ಈಗ ಸರಿಮಾಡಿದ್ದೇನೆ, ಇನ್ನು ನೀವೊಬ್ಬರೇ ಹಾಡಬಹುದು ಎಂದು ದನಿ ಎತ್ತಿಯೇ ಹೇಳಿದೆ. ಅತ್ತೆ ನನ್ನನ್ನೇ ನೋಡಿದರು.

"ಒಬ್ಬಾಕಿನ ಕುಂತು ಹಾಡಾಕ ಇದೇನು ಸತ್ತವರ ಮುಂದ ಅಳೋ ಹಾಡೇನು?"

ಸಿಟ್ಟಿನಿಂದಲೇ ಮಣೆ ಎಳೆದುಕೊಂಡು ಅವರ ಎದುರು ಕೂತೆ. ಮೈಕು ನಮ್ಮಿಬ್ಬರ ನಡುವೆ. ಮದುವೆಯಾಗಿ ಬಂದಾಗಿನಿಂದ ಆ ಹಾಡು ಕೇಳಿದ್ದೇನೆ, ಬಾಯಿಬಿಟ್ಟು ಹಾಡಿದವಳಲ್ಲ. ನಾನು ಈ ಮನೆಗೆ ಬರುವ ಮೊದಲೇ ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು. ಅವರು ಹಾಡಿದ ಸಾಲನ್ನೇ ಹಿಂದಿನಿಂದ ಹಾಡಿದೆ. ದನಿ ಒಡೆಯಿತು. ಅತ್ತೆ ನಗಲಿಲ್ಲ. ಮುಂದಿನ ಸಾಲು ಎತ್ತಿದರು. ಮೂರನೆಯ ಸಾಲಿಗೆ ಅವರ ಬಲಗೈ ಗಾಳಿಯಲ್ಲಿ ಸುತ್ತತೊಡಗಿತು. ನಾನು ಆ ಕೈ ಹಿಡಿದುಕೊಂಡೆ. ಯಜಮಾನರು ಬಂದು ಹೊಸ್ತಿಲಲ್ಲಿ ನಿಂತದ್ದು ನಮಗೆ ಗೊತ್ತೇ ಆಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಂಬತ್ತು ಹಾಡು ಕಂಪ್ಯೂಟರಿನಲ್ಲಿದ್ದವು, ಭಾನುವಾರದೊಳಗೆ ಉಳಿದವೂ ಸೇರಿದವು. ತಡ ಹಾಗೇ ಉಳಿದಿದ್ದರೆ ನನ್ನ ದನಿಯೂ ಅವರ ಕಿವಿಗೆ ಹಿಂದುಮುಂದಾಗಿ ಬಿದ್ದು ಒಂದು ಹಾಡೂ ಆಗುತ್ತಿರಲಿಲ್ಲ.

ಸೋಮವಾರ ಆಪರೇಶನ್ ಆಯಿತು. ಅತ್ತೆ ಆರಾಮಾಗಿದ್ದಾರೆ. ಮಾತು ಬಂದಿದೆ, ಮೇಲಿನ ಸ್ವರ ಏರುವುದಿಲ್ಲ. ಆ ಸ್ವರ ಈಗ ಇರುವುದು ಆ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ನನ್ನ ಒಡೆದ ದನಿಯೂ ಅದರ ಪಕ್ಕದಲ್ಲೇ ಇದೆ, ತೆಗೆಯಲು ಬರುವುದಿಲ್ಲ. ನಾಚಿಕೆ ಆಗುತ್ತದೆ, ಆದರೂ ತೆಗೆಯಬೇಕು ಅನಿಸಿಲ್ಲ.

ಆ ಗುರುವಾರ ರಾತ್ರಿ ಮುಂಜಾನೆಯ ರೊಟ್ಟಿಯನ್ನೇ ಉಂಡೆವು, ಮಿಕ್ಕ ಬದನೆಕಾಯಿ ಪಲ್ಯ, ಮೇಲೆ ಮಜ್ಜಿಗೆ. ಅತ್ತೆಗೆ ಮೆತ್ತಗಿನ ಅನ್ನ, ಹಾಲು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನು. ಉಂಡ ಗಂಗಾಳ ತೊಳೆದವರು ಯಾರು ಎಂದು ಇವತ್ತಿಗೂ ಅತ್ತೆಯೂ ಹೇಳಿಲ್ಲ, ಯಜಮಾನರೂ ಹೇಳಿಲ್ಲ.